ಝಕಾತ್‌ನ ಸೀರೆ ಮತ್ತು ಬಡತನದ ಗುಂಡಿ

2015ರ ಜುಲೈ 10, ಶುಕ್ರವಾರ. ರಮಝಾನ್‌ನ ಕೊನೆಯ ಹತ್ತು ದಿನಗಳು ನಡೆಯುತ್ತಿದ್ದವು. ಬಾಂಗ್ಲಾದೇಶದ ಮೈಮನ್‌ಸಿಂಗ್ ನಗರದಲ್ಲಿ ಒಬ್ಬ ಉದ್ಯಮಿಯ ಮನೆಯ ಗೇಟಿನ ಮುಂದೆ ಬೆಳಕು ಹರಿಯುವ ಮೊದಲೇ ನೂರಾರು ಬಡವರು ಬಂದು ನಿಂತಿದ್ದರು. ಝಕಾತ್‌ನ ಲೆಕ್ಕದಲ್ಲಿ ಬಟ್ಟೆ ಹಂಚುತ್ತಾರೆಂಬ ಸುದ್ದಿ ಹಬ್ಬಿತ್ತು. ಗೇಟು ತೆರೆಯುತ್ತಿದ್ದಂತೆ ಹಿಂದಿದ್ದವರು ನುಗ್ಗಿದರು, ಮುಂದಿದ್ದವರು ಕೆಳಗೆ ಬಿದ್ದರು. ಕಾಲ್ತುಳಿತದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಮಹಿಳೆಯರು.

ಒಂದು ಸೀರೆಗಾಗಿ ಇಷ್ಟು ಜನ ಪ್ರಾಣ ಕಳೆದುಕೊಂಡರು. ಆ ಸೀರೆಯಾದರೂ ಎಂಥದು? ಬಾಂಗ್ಲಾದೇಶದ ಬಟ್ಟೆ ಮಾರುಕಟ್ಟೆಗಳಲ್ಲಿ ರಮಝಾನ್ ಬಂತೆಂದರೆ ‘ಝಕಾತ್ ಸೀರೆ’, ‘ಝಕಾತ್ ಲುಂಗಿ’ ಎಂದೇ ಬೇರೆ ರಾಶಿ ಹಾಕಿ ಮಾರುತ್ತಾರೆ. ನೂಲು ತೆಳು, ಬಣ್ಣ ನಿಲ್ಲುವುದಿಲ್ಲ, ಬೆಲೆ ಕಡಿಮೆ. ತಮ್ಮ ಮನೆಯ ಹೆಣ್ಣುಮಕ್ಕಳಿಗೆ ಯಾರೂ ಅದನ್ನು ಕೊಳ್ಳುವುದಿಲ್ಲ. ಹಂಚುವವರು ನೂರಿನ್ನೂರರ ಲೆಕ್ಕದಲ್ಲಿ ಕೊಂಡುಹೋಗುತ್ತಾರೆ. ಅಲ್ಲಾಹನು ಬಡವರ ಹಕ್ಕೆಂದು ನಿಶ್ಚಯಿಸಿದ ಸಂಪತ್ತಿಗೆ ಮಾರುಕಟ್ಟೆ ತನ್ನದೇ ಒಂದು ದರ್ಜೆಯನ್ನು ಕಟ್ಟಿಬಿಟ್ಟಿದೆ. ನಮ್ಮ ಊರುಗಳಲ್ಲಿ ಈ ಹೆಸರಿನ ಸೀರೆ ಇಲ್ಲದಿರಬಹುದು, ಆದರೆ ರಮಝಾನ್‌ನ ಇಪ್ಪತ್ತೇಳನೇ ದಿನ ಮನೆ ಬಾಗಿಲಲ್ಲಿ ನಿಲ್ಲುವ ಸಾಲು, ಕೈಗೆ ಬೀಳುವ ನೂರು ಇನ್ನೂರರ ನೋಟು ನಮಗೆ ಹೊಸತಲ್ಲ.

ಆ ಸಾಲಿನಲ್ಲಿ ನಿಂತವರು ಯಾಕೆ ಬಡವರು? ಮುಂದಿನ ವರ್ಷವೂ ಅದೇ ಮುಖಗಳು ಅದೇ ಸಾಲಿನಲ್ಲಿ ಯಾಕಿರುತ್ತವೆ? ಕೆಲಸ ಮಾಡಲು ಸೋಮಾರಿತನ ಎನ್ನುತ್ತಾರೆ ಕೆಲವರು. ಮಕ್ಕಳು ಜಾಸ್ತಿ ಎನ್ನುತ್ತಾರೆ ಮತ್ತೆ ಕೆಲವರು. ಎಲ್ಲವೂ ಅಲ್ಲಾಹನ ವಿಧಿ ಎಂದು ಸುಮ್ಮನಾಗುವವರೂ ಇದ್ದಾರೆ. ವಿಧಿಯಲ್ಲಿ ನಮಗೆ ವಿಶ್ವಾಸವಿದೆ. ಆದರೆ ಪ್ರವಾದಿ(ಸ) ತಮ್ಮ ಪ್ರಾರ್ಥನೆಗಳಲ್ಲಿ ಕುಫ್ರ್ ಜೊತೆಗೆ ಬಡತನದಿಂದಲೂ ಅಲ್ಲಾಹನ ಅಭಯ ಬೇಡಿದ್ದರು ಎಂಬುದು ಹದೀಸ್ ಗ್ರಂಥಗಳಲ್ಲಿದೆ. ಸಾಲದ ಹೊರೆಯಿಂದ ಅಭಯ ಬೇಡಿದ್ದೂ ಇದೆ. ಅಭಯ ಬೇಡಬೇಕಾದ ವಿಷಯವನ್ನು ವಿಧಿಯೆಂದು ಬದಿಗಿಟ್ಟು ಕೂರುವಂತಿಲ್ಲ. ಅದು ಎಲ್ಲಿಂದ ಬರುತ್ತದೆ ಎಂದು ತಿಳಿಯಬೇಕು. ಅದಕ್ಕೆ ಬಾಂಗ್ಲಾದೇಶ ಒಳ್ಳೆಯ ಪಾಠಶಾಲೆ. ಬಡತನ ಹೇಗೆ ಹುಟ್ಟುತ್ತದೆ, ಯಾವುದರಿಂದ ಕರಗುತ್ತದೆ, ಯಾವುದರಿಂದ ಕರಗುವುದಿಲ್ಲ ಎಂಬುದನ್ನು ಅಲ್ಲಿ ನಡೆದಷ್ಟು ಸೂಕ್ಷ್ಮವಾಗಿ ಅಳೆದು ನೋಡಿದ ದೇಶಗಳು ಕಡಿಮೆ.

ಅಕ್ಕಿ ಇತ್ತು, ಕೊಳ್ಳುವ ಶಕ್ತಿ ಇರಲಿಲ್ಲ

ಆ ನೆಲ ಹುಟ್ಟಾ ಬಡವಲ್ಲ. ಢಾಕಾದ ಮಸ್ಲಿನ್ ಬಟ್ಟೆ ಒಂದು ಕಾಲಕ್ಕೆ ಅರಮನೆಗಳಿಗೆ, ದೂರದ ದೇಶಗಳಿಗೆ ಹೋಗುತ್ತಿತ್ತು. 1765ರಲ್ಲಿ ಬಂಗಾಳದ ಕಂದಾಯ ವಸೂಲಿಯ ಹಕ್ಕು ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. ಐದು ವರ್ಷದೊಳಗೆ, 1770ರಲ್ಲಿ, ಘೋರ ಬರಗಾಲ. ಬಂಗಾಳದ ಮೂರನೇ ಒಂದು ಭಾಗದಷ್ಟು ಜನ ಸತ್ತರೆಂದು ಕಂಪನಿಯ ಅಧಿಕಾರಿಗಳೇ ಅಂದಾಜು ಮಾಡಿದರು. 1793ರಲ್ಲಿ ಕಾಯಂ ಜಮೀನ್ದಾರಿ ಪದ್ಧತಿ ಬಂದು, ಉಳುವವನಿಗೂ ಸರ್ಕಾರಕ್ಕೂ ನಡುವೆ ಬಾಡಿಗೆ ತಿನ್ನುವವರ ಸಾಲೇ ಬೆಳೆಯಿತು. ಈ ಕಥೆ ದೊಡ್ಡದು. ಇಲ್ಲಿ ಇಷ್ಟು ಸಾಕು.

ನಾವು ನಿಂತು ನೋಡಬೇಕಾದದ್ದು 1943 ಮತ್ತು 1974ನ್ನು. 1943ರ ಬಂಗಾಳದ ಕ್ಷಾಮದಲ್ಲಿ 20ರಿಂದ 30 ಲಕ್ಷ ಜನ ಸತ್ತರು. ಆಗ ಹತ್ತು ವರ್ಷವೂ ತುಂಬದಿದ್ದ ಒಬ್ಬ ಬಾಲಕ ಶಾಂತಿನಿಕೇತನದಲ್ಲಿ ಆ ಹಸಿದ ಜನರನ್ನು ಕಣ್ಣಾರೆ ಕಂಡ. ಅವನೇ ಮುಂದೆ ಅರ್ಥಶಾಸ್ತ್ರಕ್ಕೆ ನೊಬೆಲ್ ಪಡೆದ ಅಮರ್ತ್ಯ ಸೇನ್. 1981ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಅವರು ಲೆಕ್ಕ ಹಾಕಿ ತೋರಿಸಿದ್ದು ಇಷ್ಟು: ಕ್ಷಾಮದಲ್ಲಿ ಜನ ಸಾಯುವುದು ನಾಡಿನಲ್ಲಿ ಧಾನ್ಯ ಇಲ್ಲವೆಂದೇ ಅಲ್ಲ. ಧಾನ್ಯವಿದ್ದರೂ ಅದನ್ನು ಪಡೆಯುವ ದಾರಿ ಅವರ ಕೈತಪ್ಪಿರುತ್ತದೆ.

1974ರಲ್ಲಿ ಇದು ಕನ್ನಡಿಯಷ್ಟು ಸ್ಪಷ್ಟವಾಗಿ ಕಾಣುತ್ತದೆ. ಮೂರು ವರ್ಷದ ಹಿಂದಷ್ಟೇ ಯುದ್ಧದಿಂದ ಹುಟ್ಟಿದ ದೇಶ ಅದು. ಮಳೆಗಾಲದಲ್ಲಿ ಬ್ರಹ್ಮಪುತ್ರಾ ಉಕ್ಕಿ ಹರಿಯಿತು. ರಂಗ್‌ಪುರ, ಮೈಮನ್‌ಸಿಂಗ್, ಸಿಲ್ಹೆಟ್ ಕಡೆ ಹೊಲಗಳು ಮುಳುಗಿದವು. ಮುಳುಗಿದ ಗದ್ದೆಯ ಫಸಲು ಮನೆಗೆ ಬರಬೇಕಾದದ್ದು ವರ್ಷದ ಕೊನೆಗೆ. ಆದರೆ ಜನ ಸಾಯತೊಡಗಿದ್ದು ಅದಕ್ಕೂ ಮೊದಲೇ. ಯಾಕೆ? ಗದ್ದೆ ಮುಳುಗಿದ ದಿನವೇ ನಾಟಿ ಕೆಲಸ ನಿಂತಿತು, ಕೂಲಿ ನಿಂತಿತು. ಅದೇ ಹೊತ್ತಿಗೆ, ಮುಂದೆ ಅಕ್ಕಿ ಸಿಗಲಾರದೆಂಬ ಭಯಕ್ಕೆ ಬೆಲೆ ಏರಿತು. ಇತ್ತ ಕೂಲಿಯಿಲ್ಲ, ಅತ್ತ ಅಕ್ಕಿ ದುಬಾರಿ. ಸೇನ್ ಅವರ ಲೆಕ್ಕದಂತೆ 1971ರಿಂದ 1975ರವರೆಗಿನ ಐದು ವರ್ಷಗಳಲ್ಲಿ ದೇಶದಲ್ಲಿ ತಲಾ ಅತಿ ಹೆಚ್ಚು ಧಾನ್ಯ ಲಭ್ಯವಿದ್ದ ವರ್ಷ 1974! ಜನ ಸತ್ತದ್ದೂ ಅದೇ ವರ್ಷ.

ಆ ಸಮಯದಲ್ಲೇ ಅಮೆರಿಕ ಕಳುಹಿಸಬೇಕಿದ್ದ ಧಾನ್ಯ ತಡೆಹಿಡಿಯಲಾಯಿತು. ಬಾಂಗ್ಲಾದೇಶ ಕ್ಯೂಬಾಕ್ಕೆ ಸೆಣಬಿನ ಗೋಣಿಚೀಲ ಮಾರಿತ್ತು, ಅದು ಅಮೆರಿಕಕ್ಕೆ ಸರಿಬರಲಿಲ್ಲ. ತನ್ನ ಬೆಳೆಯನ್ನು ತಾನು ಮಾರಿದ್ದಕ್ಕೆ ಒಂದು ಬಡ ದೇಶ ತೆತ್ತ ಬೆಲೆ ಇದು. ಸರ್ಕಾರ ಸುಮಾರು 6,000 ಲಂಗರ್‌ಖಾನೆಗಳನ್ನು, ಅಂದರೆ ಗಂಜಿಕೇಂದ್ರಗಳನ್ನು ತೆರೆಯಿತು. ಅಧಿಕೃತ ಲೆಕ್ಕದಲ್ಲಿ ಸತ್ತವರು 26,000. ನಿಜವಾದ ಸಂಖ್ಯೆ ಇದರ ಎಷ್ಟೋ ಪಟ್ಟು ಹೆಚ್ಚೆಂದು ಅಧ್ಯಯನ ಮಾಡಿದವರು ಹೇಳುತ್ತಾರೆ. ಗಂಜಿಕೇಂದ್ರಗಳಿಗೆ ಬಂದವರಲ್ಲಿ ದೊಡ್ಡ ಪಾಲು ಯಾರದು? ದಿನಗೂಲಿಗಳದು. ಭೂಮಿಯಿಲ್ಲ, ದನವಿಲ್ಲ, ಎರಡು ಕೈ ಮಾತ್ರ ಇದ್ದವರದು.

ಬಡತನದ ಮೂಲವನ್ನು ಇಲ್ಲಿ ಹಿಡಿಯಬೇಕು. ಬಡವನ ಬಳಿ ಮಾರಲು ಇರುವುದು ಒಂದೇ ವಸ್ತು, ಅವನ ದಿನದ ದುಡಿಮೆ. ಅದನ್ನು ಕೊಳ್ಳುವವರು ಇಲ್ಲದ ದಿನ ಅವನ ಬಳಿ ಏನೂ ಇಲ್ಲ. ರಂಗ್‌ಪುರ ಭಾಗದಲ್ಲಿ ನಾಟಿ ಮುಗಿದು ಕೊಯ್ಲು ಶುರುವಾಗುವ ನಡುವಿನ ತಿಂಗಳುಗಳಿಗೆ ‘ಮೊಂಗಾ’ ಎಂದೇ ಹೆಸರಿದೆ. ಕೆಲಸವಿಲ್ಲದ, ಹಸಿವಿನ ಕಾಲ. ಆ ದಿನಗಳಲ್ಲಿ ಕೂಲಿಯವರು ಮುಂದಿನ ಕೊಯ್ಲಿನ ದುಡಿಮೆಯನ್ನು ಈಗಲೇ ಅರ್ಧ ಬೆಲೆಗೆ ಮಾರಿ ಅಕ್ಕಿ ತರುತ್ತಿದ್ದರು. ಕೊಯ್ಲು ಬಂದಾಗ ಮೈಮುರಿದು ದುಡಿದರೂ ಕೈಗೆ ಸಿಗುವುದು ಅಷ್ಟಕ್ಕಷ್ಟೆ, ಏಕೆಂದರೆ ಆ ದುಡಿಮೆ ಆಗಲೇ ಮಾರಿಹೋಗಿತ್ತು. ಇಂಥವರನ್ನು ಸೋಮಾರಿ ಎನ್ನಲು ನಾಲಿಗೆ ಹೇಗೆ ಬರುತ್ತದೆ?

ಇನ್ನು ನದಿ. ಜಮುನಾ, ಪದ್ಮಾ ನದಿಗಳು ಪ್ರತಿ ವರ್ಷ ದಡವನ್ನು ಕೊರೆದು ಮನೆ, ಗದ್ದೆ, ಶಾಲೆ, ಮಸೀದಿಗಳನ್ನು ನುಂಗುತ್ತವೆ. ನಿನ್ನೆಯವರೆಗೆ ಎರಡು ಎಕರೆ ಇದ್ದವನು ಇಂದು ಇನ್ನೊಬ್ಬರ ಜಾಗದಲ್ಲಿ ಗುಡಿಸಲು ಹಾಕುತ್ತಾನೆ. ಜೊತೆಗೆ ಕಾಯಿಲೆ. ಆ ದೇಶದಲ್ಲಿ ಆರೋಗ್ಯಕ್ಕೆ ಆಗುವ ಒಟ್ಟು ಖರ್ಚಿನಲ್ಲಿ ಸರಿಸುಮಾರು ಮೂರನೇ ಎರಡು ಭಾಗ ಜನರ ಜೇಬಿನಿಂದಲೇ ಹೋಗುತ್ತದೆ. ಒಂದು ಆಪರೇಷನ್ ಎಂದರೆ ಒಂದು ಹಸು ಮಾರಾಟ. ಎರಡನೆಯದಕ್ಕೆ ಸಾಲ. ಇದನ್ನು ಓದುವಾಗ ನಮ್ಮದೇ ಬಂಧುಬಳಗದ ಯಾವುದೋ ಒಂದು ಮನೆ ನೆನಪಾಗದವರು ಕಡಿಮೆ.

‘ಬೇಡ’ ಎನ್ನಲಾಗದ ಸ್ಥಿತಿ

ಬಡತನದ ಪರಿಣಾಮ ಎಂದಾಗ ಹಸಿವು, ಹರಕು ಬಟ್ಟೆ, ಸೋರುವ ಮಾಡು ಕಣ್ಣಿಗೆ ಬರುತ್ತದೆ. ಅದಕ್ಕಿಂತ ಆಳವಾದದ್ದು ಒಂದಿದೆ. ಬಡವನಿಗೆ ‘ಬೇಡ’ ಎನ್ನುವ ಶಕ್ತಿ ಇರುವುದಿಲ್ಲ.

2013ರ ಏಪ್ರಿಲ್ 24ರಂದು ಢಾಕಾದ ಹೊರವಲಯದ ಸಾವರ್‌ನಲ್ಲಿ ರಾಣಾ ಪ್ಲಾಝಾ ಎಂಬ ಎಂಟಂತಸ್ತಿನ ಕಟ್ಟಡ ಕುಸಿಯಿತು. ಸತ್ತವರು 1,100ಕ್ಕೂ ಹೆಚ್ಚು, ಬಹುಪಾಲು ಉಡುಪು ಹೊಲಿಯುವ ಹೆಣ್ಣುಮಕ್ಕಳು. ಹಿಂದಿನ ದಿನವೇ ಗೋಡೆಗಳಲ್ಲಿ ಬಿರುಕು ಕಂಡಿತ್ತು. ಅದೇ ಕಟ್ಟಡದ ಕೆಳಗಿದ್ದ ಬ್ಯಾಂಕು ತನ್ನ ನೌಕರರನ್ನು ಮನೆಗೆ ಕಳುಹಿಸಿ ಬಾಗಿಲು ಮುಚ್ಚಿತು. ಮೇಲಿನ ಹೊಲಿಗೆ ಕಾರ್ಖಾನೆಗಳ ಕೆಲಸಗಾರರಿಗೆ ಮಾತ್ರ ಒಳಗೆ ಹೋಗಲು ಹೇಳಿದರು. ಹೋಗದಿದ್ದರೆ ಸಂಬಳ ಕಡಿತದ ಬೆದರಿಕೆ. ಆಗ ಆ ಕೆಲಸಕ್ಕೆ ತಿಂಗಳ ಕನಿಷ್ಠ ವೇತನ 3,000 ಟಾಕಾ. ಬಿರುಕು ಬ್ಯಾಂಕಿನವರಿಗೂ ಕಂಡಿತ್ತು, ಈ ಹೆಣ್ಣುಮಕ್ಕಳಿಗೂ ಕಂಡಿತ್ತು. ತಿಂಗಳ ಸಂಬಳ ತಪ್ಪಿದರೂ ಮನೆಯಲ್ಲಿ ಒಲೆ ಉರಿಯುವವರು ಹಿಂದೆ ಸರಿದರು. ಉಳಿದವರು ಮೆಟ್ಟಿಲು ಹತ್ತಿದರು.

ಮದುವೆಯ ವಿಷಯದಲ್ಲೂ ಇದೇ. ಬಾಂಗ್ಲಾದೇಶದಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳ ಮದುವೆ 18 ತುಂಬುವ ಮೊದಲೇ ಆಗುತ್ತದೆ. ನೆರೆ ಬಂದ ವರ್ಷ, ತಂದೆ ಕಾಯಿಲೆ ಬಿದ್ದ ವರ್ಷ, ಒಂದು ಊಟದ ತಟ್ಟೆ ಕಡಿಮೆಯಾಗಲೆಂದು ಮಗಳನ್ನು ಬೇಗ ಕೊಟ್ಟುಬಿಡುತ್ತಾರೆ. ಹುಡುಗಿಗೆ ವಯಸ್ಸು ಏರಿದಷ್ಟೂ ವರದಕ್ಷಿಣೆ ಏರುತ್ತದೆಂಬ ಭಯವೂ ಅದರ ಹಿಂದಿದೆ. ವರದಕ್ಷಿಣೆ ನಮ್ಮ ದೀನ್‌ನಲ್ಲಿ ಇಲ್ಲವೆಂದು ಅಲ್ಲಿಯ ಖತೀಬರೂ ಹೇಳುತ್ತಾರೆ, ನಮ್ಮ ಖತೀಬರೂ ಹೇಳುತ್ತಾರೆ. ಬಡತನವನ್ನು ಸೃಷ್ಟಿಸುವ ಕಾರಣಗಳಲ್ಲಿ ಕೆಲವು ನಾವೇ ಕೈಯಾರೆ ಮಾಡಿಕೊಂಡವು. ಇಂಗ್ಲಿಷರ ಮೇಲೆ, ಅಮೆರಿಕದ ಮೇಲೆ ಹಾಕಲು ಬರುವುದಿಲ್ಲ.

ಬೇಗ ತಾಯಿಯಾದ ಹುಡುಗಿಯ ಮಗು ತೂಕ ಕಡಿಮೆಯಾಗಿ ಹುಟ್ಟುತ್ತದೆ. 1990ರ ದಶಕದ ಮಧ್ಯದಲ್ಲಿ ಆ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಅಂಥ ಮಗುವಿಗೆ ಶಾಲೆಯಲ್ಲಿ ಕಲಿಕೆ ಹಿಂದೆ ಬೀಳುತ್ತದೆ, ಬೆಳೆದ ಮೇಲೆ ದುಡಿಮೆಯ ಬಲ ಕಡಿಮೆ. ಹೀಗೆ ಬಡತನದ ಪರಿಣಾಮವೇ ಮುಂದಿನ ತಲೆಮಾರಿನ ಬಡತನಕ್ಕೆ ಕಾರಣವಾಗುತ್ತದೆ. ಕಾರಣ ಯಾವುದು, ಪರಿಣಾಮ ಯಾವುದು ಎಂದು ಎರಡು ಪಟ್ಟಿ ಮಾಡಹೊರಟರೆ ಒಂದೇ ಹೆಸರನ್ನು ಎರಡೂ ಕಡೆ ಬರೆಯಬೇಕಾಗುತ್ತದೆ.

ಏನು ಬದಲಾಯಿತು?

ಆದರೆ ಬಾಂಗ್ಲಾದೇಶ ಅಲ್ಲೇ ನಿಂತಿಲ್ಲ. ಸರ್ಕಾರದ ಲೆಕ್ಕದಂತೆ 2000ದಲ್ಲಿ ನೂರಕ್ಕೆ ಸುಮಾರು 49 ಮಂದಿ ಬಡತನದ ರೇಖೆಯ ಕೆಳಗಿದ್ದರು, 2022ರಲ್ಲಿ ಅದು 19ರ ಹತ್ತಿರಕ್ಕೆ ಇಳಿದಿತ್ತು. ಬೆಳವಣಿಗೆ ಕುಂಠಿತಗೊಂಡ ಮಕ್ಕಳ ಪ್ರಮಾಣ ನಾಲ್ಕನೇ ಒಂದು ಭಾಗಕ್ಕೆ ಬಂದಿದೆ. ರಾಣಾ ಪ್ಲಾಝಾದಂಥ ದುರಂತ ನಡೆದದ್ದು ಅದೇ ಉಡುಪು ಉದ್ಯಮದಲ್ಲಿ. ಆದರೆ ಲಕ್ಷಾಂತರ ಹೆಣ್ಣುಮಕ್ಕಳ ಕೈಗೆ ಮೊದಲ ಬಾರಿಗೆ ಸಂಬಳ ಬಂದದ್ದೂ ಅದರಿಂದಲೇ. ಕೊಲ್ಲಿ ದೇಶಗಳಿಂದ ಬಂದ ಹಣ, 1994ರಿಂದ ಹಳ್ಳಿಯ ಹೆಣ್ಣುಮಕ್ಕಳಿಗೆ ಪ್ರೌಢಶಾಲೆಗೆ ಸರ್ಕಾರ ಕೊಟ್ಟ ವಿದ್ಯಾರ್ಥಿವೇತನ, ಎರಡು ಮೂರು ಬೆಳೆಯ ಭತ್ತ, ಇವೆಲ್ಲವೂ ಸೇರಿವೆ. ಒಂದು ಸಣ್ಣ ಸಂಗತಿಯನ್ನು ಮಾತ್ರ ಬಿಟ್ಟು ಹೋಗಲಾರೆ. ವಾಂತಿಭೇದಿಯಿಂದ ಮಕ್ಕಳು ಸಾಯುತ್ತಿದ್ದ ಆ ದೇಶದಲ್ಲಿ, ಫಝಲೆ ಹಸನ್ ಆಬೆದ್ ಎಂಬವರು 1972ರಲ್ಲಿ ಕಟ್ಟಿದ ‘ಬ್ರಾಕ್’ ಸಂಸ್ಥೆಯ ಹೆಣ್ಣುಮಕ್ಕಳು 1980ರಿಂದ ಹತ್ತು ವರ್ಷ ಮನೆಮನೆಗೆ ನಡೆದರು. ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಇಷ್ಟನ್ನು ಬೆರೆಸುವುದನ್ನು ಒಂದು ಕೋಟಿಗೂ ಹೆಚ್ಚು ಮನೆಗಳ ತಾಯಂದಿರಿಗೆ ಎದುರು ಕೂತು ಕಲಿಸಿದರು. ಕಲಿಸಿದವಳಿಗೆ ಸಂಬಳ ಕೊಡುತ್ತಿದ್ದದ್ದು ಎಷ್ಟು ಮನೆಗೆ ಹೋದಳು ಎಂದಲ್ಲ, ತಾಯಂದಿರು ಎಷ್ಟು ನೆನಪಿಟ್ಟುಕೊಂಡರು ಎಂದು ಪರೀಕ್ಷಿಸಿ!

ಸಾಲ ಕೊಟ್ಟರೆ ಬಡತನ ಹೋಗುತ್ತದೆಂಬ ನಂಬಿಕೆ ಹುಟ್ಟಿದ್ದೂ ಆ ದೇಶದಲ್ಲೇ. 1976ರಲ್ಲಿ ಮುಹಮ್ಮದ್ ಯೂನುಸ್ ಜೋಬ್ರಾ ಎಂಬ ಹಳ್ಳಿಯ 42 ಮಂದಿಗೆ ತಮ್ಮ ಜೇಬಿನಿಂದ ಕೊಟ್ಟದ್ದು 27 ಡಾಲರ್. ಅದರಿಂದ ಗ್ರಾಮೀಣ ಬ್ಯಾಂಕ್ ಬೆಳೆಯಿತು, 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿಯೂ ಬಂತು. ಜಗತ್ತಿನ ತುಂಬ ಕಿರುಸಾಲ ಹಬ್ಬಿತು. ಆಮೇಲೆ ಅಳೆದು ನೋಡಿದರು. ಆರು ದೇಶಗಳಲ್ಲಿ ನಡೆಸಿದ ಆರು ಅಧ್ಯಯನಗಳು 2015ರಲ್ಲಿ ಒಟ್ಟಿಗೆ ಪ್ರಕಟವಾದವು. ಭಾರತದ್ದು ಹೈದರಾಬಾದಿನಲ್ಲಿ ನಡೆದದ್ದು. ಕಿರುಸಾಲದಿಂದ ಕೆಲವರ ಸಣ್ಣ ವ್ಯಾಪಾರ ಬೆಳೆದಿತ್ತು, ಆದರೆ ಸರಾಸರಿ ಕುಟುಂಬದ ಆದಾಯದಲ್ಲಿ ಹೇಳಿಕೊಳ್ಳುವ ಬದಲಾವಣೆ ಕಾಣಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಸಾಲ ಪಡೆದ ಕೆಲವೇ ದಿನಗಳಲ್ಲಿ ವಾರದ ಕಂತು ಶುರು. ಕರು ಹಾಕಿ ಹಾಲು ಕೊಡುವವರೆಗೆ ಕಾಯಲು ಕಂತು ಬಿಡುವುದಿಲ್ಲ. ಬಡ್ಡಿ ಹರಾಮ್ ಎಂಬ ಮಾತು ಒಂದೆಡೆ ಇರಲಿ, ಬರೀ ಲೌಕಿಕ ಲೆಕ್ಕದಲ್ಲಿ ನೋಡಿದರೂ ಕಡುಬಡವನಿಗೆ ಅದು ಏಣಿಯಾಗಲಿಲ್ಲ. ನಮ್ಮ ರಾಜ್ಯದಲ್ಲಿ ಕಿರುಸಾಲದ ವಸೂಲಿಯ ಕಿರುಕುಳಕ್ಕೆ ಜನ ಊರು ಬಿಟ್ಟು, ಜೀವ ಬಿಟ್ಟು, ಕೊನೆಗೆ 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ವಾರದ ಸಂಘದ ಕಂತಿಗಾಗಿ ಬೀಡಿಯ ಮಜೂರಿಯನ್ನು ಮುಂಗಡ ಕೇಳುವ ತಾಯಂದಿರು ನಮ್ಮ ಮೊಹಲ್ಲಾಗಳಲ್ಲೂ ಇದ್ದಾರೆ.

ಹಾಗಾದರೆ ಕಡುಬಡವರಿಗೆ ಕೆಲಸ ಮಾಡಿದ್ದು ಯಾವುದು? ತಮ್ಮ ಸಾಲದ ಯೋಜನೆಗಳು ಅತ್ಯಂತ ಬಡವರನ್ನು ಮುಟ್ಟುತ್ತಲೇ ಇಲ್ಲವೆಂದು ಬ್ರಾಕ್‌ನವರಿಗೇ ಅರಿವಾಯಿತು. 2002ರಲ್ಲಿ ಅವರು ಬೇರೆ ದಾರಿ ಹಿಡಿದರು. ಮೊದಲು ಹಳ್ಳಿಯವರನ್ನೇ ಒಂದೆಡೆ ಕೂರಿಸಿ, ನೆಲದ ಮೇಲೆ ಊರಿನ ನಕ್ಷೆ ಬರೆಸಿ, ಯಾವ ಮನೆ ಎಷ್ಟು ಬಡ ಎಂದು ಅವರಿಂದಲೇ ಹೇಳಿಸಿದರು. ಆಮೇಲೆ ಆ ಮನೆಗಳಿಗೆ ಹೋಗಿ ಖಚಿತ ಮಾಡಿಕೊಂಡರು. ಆಯ್ಕೆಯಾದ ಹೆಣ್ಣುಮಗಳಿಗೆ ಒಂದು ಆಸ್ತಿ ಕೊಟ್ಟರು. ಸಾಲವಾಗಿ ಅಲ್ಲ, ಉಚಿತವಾಗಿ. ಹೆಚ್ಚಿನವರು ಆರಿಸಿಕೊಂಡದ್ದು ಹಸು, ಇಲ್ಲವೇ ಆಡು. ಹಸು ಫಲ ಕೊಡುವವರೆಗೆ ಅದನ್ನು ಮಾರಿ ತಿನ್ನದಂತೆ ಕೆಲವು ತಿಂಗಳು ಖರ್ಚಿಗೆ ಸ್ವಲ್ಪ ಹಣ. ಸಾಕುವ ತರಬೇತಿ. ಎರಡು ವರ್ಷ, ಮನೆಗೆ ಬಂದು ವಿಚಾರಿಸುವ ಒಬ್ಬ ಕಾರ್ಯಕರ್ತೆ. ಇದರ ಜೊತೆಗೆ ಊರಿನ ಉಳ್ಳವರ ಒಂದು ಸಮಿತಿ. ಹಸು ಕಳವಾದರೆ, ಯಾರಾದರೂ ಕಿರುಕುಳ ಕೊಟ್ಟರೆ ಕೇಳಲು.

ಈ ಯೋಜನೆಯ ಸುಮಾರು 6,000 ಕಡುಬಡ ಕುಟುಂಬಗಳ ಲೆಕ್ಕವನ್ನು 2007ರಿಂದ ವರ್ಷಾನುಗಟ್ಟಲೆ ಹಿಂಬಾಲಿಸಿ ನಡೆಸಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಅವರಿಗೆ ಕಂಡದ್ದು ಒಂದು ಗುಂಡಿ, ಅದಕ್ಕೊಂದು ಅಂಚು. ಎಲ್ಲರಿಗೂ ಸಿಕ್ಕ ಆಸ್ತಿಯ ಬೆಲೆ ಹೆಚ್ಚುಕಡಿಮೆ ಒಂದೇ. ಆದರೆ ಮೊದಲೇ ಒಂದಿಷ್ಟು ಇದ್ದವರು, ಅಂದರೆ ಎರಡು ಆಡೋ ಒಂದು ಕೈಗಾಡಿಯೋ ಇದ್ದವರು, ಹಸು ಸಿಕ್ಕಾಗ ಅಂಚು ದಾಟಿದರು. ಮುಂದಿನ ವರ್ಷಗಳಲ್ಲಿ ಅವರ ಆಸ್ತಿ ತಾನಾಗಿ ಬೆಳೆಯುತ್ತಾ ಹೋಯಿತು. ಏನೂ ಇಲ್ಲದಿದ್ದವರು, ಸುಮಾರು ಮೂರನೇ ಒಂದು ಭಾಗದಷ್ಟು ಜನ, ಹಸು ಸಿಕ್ಕರೂ ಅಂಚಿನ ಕೆಳಗೇ ಉಳಿದರು. ಅವರು ಮೆಲ್ಲಮೆಲ್ಲನೆ ಮತ್ತೆ ತಳಕ್ಕೆ ಜಾರಿದರು. ಇಬ್ಬರ ಶ್ರಮದಲ್ಲಾಗಲೀ ಬುದ್ಧಿಯಲ್ಲಾಗಲೀ ವ್ಯತ್ಯಾಸವಿರಲಿಲ್ಲ. ವ್ಯತ್ಯಾಸ ಇದ್ದದ್ದು ಎಲ್ಲಿ ನಿಂತಿದ್ದರು ಎಂಬುದರಲ್ಲಿ. ಇನ್ನೊಂದು ಸಂಗತಿ: ಹಸು ಸಿಕ್ಕ ಹೆಂಗಸರು ದುಡಿಮೆ ಕಡಿಮೆ ಮಾಡಲಿಲ್ಲ, ಮೊದಲಿಗಿಂತ ಹೆಚ್ಚು ದಿನ ದುಡಿದರು. ಅಲ್ಲಿಯವರೆಗೆ ಅವರು ಖಾಲಿ ಕೂತಿದ್ದು ಮನೆಗೆಲಸದ, ಹೊಲದ ಕೂಲಿಗೆ ಯಾರೂ ಕರೆಯದ ಕಾರಣಕ್ಕೆ.

ಇದೇ ವಿಧಾನವನ್ನು ಭಾರತ, ಪಾಕಿಸ್ತಾನ, ಇಥಿಯೋಪಿಯಾ ಸೇರಿ ಆರು ದೇಶಗಳಲ್ಲಿ ಪರೀಕ್ಷಿಸಿದ ಫಲಿತಾಂಶ 2015ರಲ್ಲಿ ಬಂತು. ನೆರವು ನಿಂತು ಒಂದು ವರ್ಷವಾದ ಮೇಲೂ ಆ ಮನೆಗಳ ಊಟ, ಆದಾಯ ಒಟ್ಟಾರೆ ಮೇಲಿನ ಮಟ್ಟದಲ್ಲೇ ಇತ್ತು. ಹೊಂಡುರಾಸ್‌ನಲ್ಲಿ ಮಾತ್ರ ಅಷ್ಟು ಫಲಿಸಲಿಲ್ಲ. ಅಲ್ಲಿ ಹೆಚ್ಚಿನವರು ಕೋಳಿ ಆರಿಸಿಕೊಂಡಿದ್ದರು, ರೋಗ ಬಂದು ಬಹಳಷ್ಟು ಕೋಳಿಗಳು ಸತ್ತವು.

ಕೊಡಲಿ ಮತ್ತು ಎರಡು ದಿರ್ಹಮ್

ಈ ಅಧ್ಯಯನಗಳನ್ನು ಓದುವಾಗ ನಾವೆಲ್ಲ ಮಿಂಬರ್‌ನಿಂದ ಎಷ್ಟೋ ಬಾರಿ ಕೇಳಿದ ಒಂದು ಹದೀಸ್ ನೆನಪಾಗುತ್ತದೆ. ಅಬೂದಾವೂದ್ ಗ್ರಂಥದಲ್ಲಿರುವ ಇದರ ಸನದಿನ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದೆಯಾದರೂ ಘಟನೆ ಪ್ರಸಿದ್ಧ. ಅನ್ಸಾರ್‌ಗಳಲ್ಲಿ ಒಬ್ಬರು ಬೇಡಲು ಬಂದಾಗ ಪ್ರವಾದಿ(ಸ), ಮನೆಯಲ್ಲಿ ಏನಿದೆ ಎಂದು ಕೇಳಿದರು. ಇದ್ದದ್ದು ಒಂದು ಹೊದಿಕೆ, ಒಂದು ನೀರಿನ ಪಾತ್ರೆ. ಅವನ್ನು ತರಿಸಿ, ಅಲ್ಲೇ ಹರಾಜು ಕೂಗಿ ಎರಡು ದಿರ್ಹಮ್‌ಗೆ ಮಾರಿದರು. ಒಂದು ದಿರ್ಹಮ್‌ನಿಂದ ಮನೆಯವರಿಗೆ ಆಹಾರ, ಇನ್ನೊಂದರಿಂದ ಕೊಡಲಿ. ಕೊಡಲಿಗೆ ಹಿಡಿಯನ್ನು ಪ್ರವಾದಿ(ಸ)ರೇ ತಮ್ಮ ಕೈಯಿಂದ ಹಾಕಿದರು. ಹೋಗಿ ಸೌದೆ ಕಡಿದು ಮಾರು, ಹದಿನೈದು ದಿನ ಕಾಣಿಸಿಕೊಳ್ಳಬೇಡ ಎಂದರು. ಆತ ಮರಳಿ ಬಂದಾಗ ಹತ್ತು ದಿರ್ಹಮ್ ಗಳಿಸಿದ್ದ.

ದುಡಿಯಬೇಕು, ಬೇಡಬಾರದು ಎಂಬುದಕ್ಕೆ ಈ ಹದೀಸನ್ನು ಹೇಳುತ್ತೇವೆ. ಅದು ಸರಿ. ಆದರೆ ಕೊಡುವವನಿಗೂ ಇದರಲ್ಲಿ ಪಾಠವಿದೆ. ಮನೆಯ ಸ್ಥಿತಿ ವಿಚಾರಿಸಿದರು. ದುಡಿಮೆಗೊಂದು ಸಾಧನ ಮಾಡಿಕೊಟ್ಟರು. ಸಾಧನವನ್ನು ಮಾರಿ ತಿನ್ನಬೇಕಾಗದಂತೆ ಊಟಕ್ಕೂ ವ್ಯವಸ್ಥೆ ಮಾಡಿದರು. ಏನು ಮಾಡಬೇಕೆಂದು ಹೇಳಿಕೊಟ್ಟರು. ಅವಧಿ ಕೊಟ್ಟು, ಕೊನೆಗೆ ಲೆಕ್ಕ ಕೇಳಿದರು. ಬಾಂಗ್ಲಾದ ಹಳ್ಳಿಗಳಲ್ಲಿ ಎರಡು ವರ್ಷ ಮಾಡಿದ್ದು ಹೆಚ್ಚುಕಡಿಮೆ ಇದನ್ನೇ.

ಇನ್ನು ಝಕಾತ್ ಎಷ್ಟು ಕೊಡಬೇಕೆಂಬ ಪ್ರಶ್ನೆ. ಸೂರಃ ಅತ್ತೌಬಃ ಎಂಟು ವರ್ಗಗಳನ್ನು ಹೇಳುತ್ತದೆ. ಬಡವರು, ದರಿದ್ರರು, ಸಾಲದಲ್ಲಿ ಸಿಕ್ಕಿಕೊಂಡವರು ಅದರಲ್ಲಿದ್ದಾರೆ. ಒಬ್ಬೊಬ್ಬರಿಗೆ ಎಷ್ಟು ಎಂಬುದರಲ್ಲಿ ಫಿಕ್ಹ್ ವಿದ್ವಾಂಸರು ಚರ್ಚಿಸಿದ್ದಾರೆ. ಶಾಫಿಈ ಮದ್‌ಹಬ್‌ನ ಇಮಾಮ್ ನವವಿ, ಬಡವನನ್ನು ಅಗತ್ಯದಿಂದ ಸ್ವಾವಲಂಬನೆಗೆ ದಾಟಿಸುವಷ್ಟು ಕೊಡಬೇಕೆಂದು ವಿವರಿಸುತ್ತಾರೆ. ಕಸುಬುದಾರನಿಗೆ ಅವನ ಕಸುಬಿನ ಉಪಕರಣ, ವ್ಯಾಪಾರಿಗೆ ಅವನ ವ್ಯಾಪಾರಕ್ಕೆ ತಕ್ಕ ಬಂಡವಾಳ. ಸೊಪ್ಪು ಮಾರುವವನಿಗೆ ಕೆಲವೇ ದಿರ್ಹಮ್ ಸಾಕು, ಆಭರಣ ವ್ಯಾಪಾರಿಗೆ ಸಾವಿರಾರು ಬೇಕು ಎಂಬಷ್ಟು ಬಿಡಿಸಿ ಹೇಳುತ್ತಾರೆ. ಹನಫಿ ಮದ್‌ಹಬ್‌ನಲ್ಲಿ ಒಬ್ಬನಿಗೇ ನಿಸಾಬ್‌ನಷ್ಟು ಕೊಡುವುದು ಸಿಂಧುವಾದರೂ ಮಕ್ರೂಹ್. ಆದರೆ ಅವನು ಸಾಲಗಾರನಾಗಿದ್ದರೆ ಅಥವಾ ಹೆಂಡತಿ ಮಕ್ಕಳು ಇದ್ದು ಹಂಚಿದಾಗ ಒಬ್ಬೊಬ್ಬರ ಪಾಲು ನಿಸಾಬ್‌ಗಿಂತ ಕಡಿಮೆಯಾಗುವಂತಿದ್ದರೆ ಆ ಆಕ್ಷೇಪವಿಲ್ಲ. ಕೊಡುವಾಗ ಸಾಕಾಗುವಷ್ಟು ಕೊಡಿ ಎಂಬರ್ಥದ ಮಾತು ಉಮರ್(ರ)ರಿಂದ ವರದಿಯಾಗಿದೆ. ಹಾಗಾಗಿ ನೂರು ರೂಪಾಯಿಯ ಸಾಲು ನಮ್ಮ ಯಾವ ಮದ್‌ಹಬ್‌ನ ಬೇಡಿಕೆಯೂ ಅಲ್ಲ. ಅದು ರೂಢಿ ಅಷ್ಟೆ.

ಒಂದು ಲೆಕ್ಕ ಹಾಕಿ ನೋಡೋಣ. ಒಂದು ಜಮಾಅತ್‌ನಲ್ಲಿ ಹತ್ತು ಮನೆಗಳ ಝಕಾತ್ ಸೇರಿ ಎರಡು ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ಐನೂರರಂತೆ ಹಂಚಿದರೆ ನಾನೂರು ಮಂದಿಗೆ ಸಿಗುತ್ತದೆ, ಹಬ್ಬದ ಮರುವಾರ ಯಾರ ಬಳಿಯೂ ಉಳಿದಿರುವುದಿಲ್ಲ. ನಾಲ್ಕು ಮನೆಗಳಿಗೆ ತಲಾ ಐವತ್ತು ಸಾವಿರದಂತೆ ಕೊಟ್ಟರೆ ಒಬ್ಬಳ ಸಂಘದ ಸಾಲ ತೀರಿ ಹೊಲಿಗೆ ಯಂತ್ರ ಬರಬಹುದು, ಒಬ್ಬನ ತಳ್ಳುಗಾಡಿಗೆ ಸರಕು ತುಂಬಬಹುದು. ಉಳಿದ ಮುನ್ನೂರ ತೊಂಬತ್ತಾರು ಮಂದಿ? ಈ ಪ್ರಶ್ನೆ ಸಣ್ಣದಲ್ಲ. ದುಡಿಯಲಾಗದ ವೃದ್ಧೆಗೆ, ಹಾಸಿಗೆ ಹಿಡಿದವರಿಗೆ ಕೊಡಲಿ ಕೊಟ್ಟು ಪ್ರಯೋಜನವಿಲ್ಲ, ಅವರಿಗೆ ತಿಂಗಳ ರೇಷನ್ ಮತ್ತು ಔಷಧಿಯೇ ಬೇಕು. ಸದಕಾ, ಫಿತ್ರ್ ಝಕಾತ್ ಇರುವುದು ಅಂಥ ತುರ್ತಿಗೆ. ಆದರೆ ದುಡಿಯಬಲ್ಲವರನ್ನೂ ವರ್ಷವರ್ಷ ಅದೇ ಸಾಲಿನಲ್ಲಿ ನಿಲ್ಲಿಸುವುದು ಗುಂಡಿಯಲ್ಲಿ ಬಿದ್ದವರಿಗೆ ಅರ್ಧ ಆಳದವರೆಗೆ ಮಾತ್ರ ಹಗ್ಗ ಇಳಿಸಿದಂತೆ. ಎಲ್ಲರಿಗೂ ಹಗ್ಗ ಕಾಣುತ್ತದೆ, ಯಾರ ಕೈಗೂ ಎಟುಕುವುದಿಲ್ಲ.

ಯಾರನ್ನು ಆರಿಸುವುದು ಎಂಬಲ್ಲಿ ಜಗಳ ಬರುತ್ತದೆಂಬ ಭಯ ಎಲ್ಲ ಸಮಿತಿಗಳಿಗೂ ಇದೆ. ಬಂಧುಗಳಿಗೆ ಕೊಟ್ಟರು ಎಂಬ ಮಾತು ಬಂದೇ ಬರುತ್ತದೆ. ಅದಕ್ಕೇ ಆ ನೆಲದ ಮೇಲೆ ಬರೆದ ನಕ್ಷೆಯ ಉಪಾಯ ಒಳ್ಳೆಯದು. ಮೊಹಲ್ಲಾದ ಹೆಂಗಸರನ್ನು ಕೂರಿಸಿ ಕೇಳಿದರೆ ಯಾರ ಮನೆಯಲ್ಲಿ ರಾತ್ರಿ ಒಲೆ ಹಚ್ಚುವುದಿಲ್ಲ, ಯಾರು ಚಿನ್ನ ಅಡವಿಟ್ಟಿದ್ದಾರೆ, ಯಾರು ಬೇಡಲು ನಾಚಿ ಸಾಲಿಗೇ ಬರುವುದಿಲ್ಲ ಎಂಬುದು ಒಂದು ಮಧ್ಯಾಹ್ನದಲ್ಲಿ ತಿಳಿಯುತ್ತದೆ. ಗಂಡಸರ ಸಭೆಗೆ ಇದು ಗೊತ್ತಿರುವುದಿಲ್ಲ. ಆ ಮಾತು ಹೊರಗೆ ಹೋಗದಂತೆ ನೋಡಿಕೊಳ್ಳುವುದೂ, ಫಲಾನುಭವಿಯ ಫೋಟೋ ತೆಗೆದು ವಾಟ್ಸ್ಆ್ಯಪ್‌ಗೆ ಹಾಕದಿರುವುದೂ ಅಷ್ಟೇ ಮುಖ್ಯ. ಕೊಟ್ಟದ್ದು ಪೂರ್ಣವಾಗಿ ಆಕೆಯ ಒಡೆತನಕ್ಕೆ ಸೇರಬೇಕು. ಯಂತ್ರ ಸಮಿತಿಯ ಹೆಸರಿನಲ್ಲಿದ್ದು ಅವಳು ಬಳಸುವುದಾದರೆ ಝಕಾತ್ ಸಂದಂತೆಯೇ ಅಲ್ಲ ಎನ್ನುತ್ತಾರೆ ಹನಫಿ ವಿದ್ವಾಂಸರು.

ಇದಕ್ಕೆಲ್ಲ ಸಮಯ ಬೇಕು. ಇಪ್ಪತ್ತೇಳನೇ ರಾತ್ರಿ ಪಟ್ಟಿ ಮಾಡಲು ಕೂತರೆ ಆಗುವುದಿಲ್ಲ. ಶಅಬಾನ್‌ನಲ್ಲೇ ನಾಲ್ಕಾರು ಮನೆಯವರು ತಮ್ಮ ಝಕಾತ್‌ನ ಅಂದಾಜು ಹೇಳಿಕೊಂಡು, ಖತೀಬರನ್ನು ಕೂರಿಸಿಕೊಂಡು ಮಸ್‌ಅಲಾ ಕೇಳಿ, ಎರಡು ಮನೆಗಳನ್ನಾದರೂ ಗುರುತಿಸಬಹುದು. ಹಣ ಕೊಟ್ಟ ಮೇಲೆ ಪ್ರತಿ ತಿಂಗಳು ಆ ಮನೆಗೆ ಹೋಗಿ ಬರಲು ಒಬ್ಬ ಸಹೋದರಿ ಯಾರು ಎಂಬುದನ್ನೂ ಅಂದೇ ನಿರ್ಧರಿಸಿಟ್ಟುಕೊಳ್ಳಬೇಕು. ಎಲ್ಲಕ್ಕಿಂತ ಮೊದಲು ಬಿಟ್ಟುಹೋಗುವುದು ಈ ಕೆಲಸವೇ.